ಫ್ಯಾಕ್ಟರಿ ಮುಚ್ಚಿಸಿದ್ದು ಯೂನಿಯನ್ನಾ? ಅಪ್ಪನ ಸಂಬಳ ಚೀಟಿ ಏನು ಹೇಳುತ್ತದೆ

ಪ್ರಶ್ನೆ: ನಾನು ತುಮಕೂರಿನವಳು, ಶಾಲೆಯಲ್ಲಿ ಟೀಚರ್. ನಮ್ಮಪ್ಪ ಐಟಿಐ ಫಿಟರ್ ಮುಗಿಸಿ 1976ರಲ್ಲಿ ಊರ ಹೊರಗಿನ ಒಂದು ಸ್ವಿಚ್‌ಗೇರ್ ಫ್ಯಾಕ್ಟರಿಗೆ ಸೇರಿದರು. 11 ಕೆವಿ (11 ಸಾವಿರ ವೋಲ್ಟ್) ಬ್ರೇಕರ್, ಅಂದರೆ ಲೈನಿನಲ್ಲಿ ಶಾರ್ಟ್ ಆದಾಗ ಕರೆಂಟ್ ಕಡಿಯುವ ದೊಡ್ಡ ಸ್ವಿಚ್ ಜೋಡಿಸುವ ಸೆಕ್ಷನ್. ಒಂದು ಕಾಲಕ್ಕೆ ಅಲ್ಲಿ ಸುಮಾರು 400 ಜನ ಇದ್ದರಂತೆ. ನಮ್ಮ ಚಿಕ್ಕಮ್ಮನೂ ಅಲ್ಲೇ ಕಾಯಿಲ್ ಸುತ್ತುವ ಕೆಲಸಕ್ಕೆ ಹೋಗುತ್ತಿದ್ದರು. 1994ರಲ್ಲಿ 53 ದಿನ ಸ್ಟ್ರೈಕ್ ಆಯಿತು. 1997ರಲ್ಲಿ ಗೇಟಿಗೆ ಬೀಗ ಬಿತ್ತು. ಅಪ್ಪ ಯೂನಿಯನ್ ಕಮಿಟಿಯಲ್ಲಿದ್ದರು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ "ಯೂನಿಯನ್ನೋರೇ ಮುಳುಗ್ಸಿದ್ದು" ಅಂದವರಿದ್ದಾರೆ. ಅಪ್ಪ ಉತ್ತರ ಕೊಡುವುದಿಲ್ಲ. ಇವತ್ತಿಗೂ ಆ ರಸ್ತೆಯಲ್ಲಿ ಹೋಗುವುದಿಲ್ಲ. ಹಳೇ ಕೆಲಸಗಾರರೆಲ್ಲ ಸೇರುವ ಒಂದು ಕಾರ್ಯಕ್ರಮ ಇದೆ, ಅದಕ್ಕೆ ಫ್ಯಾಕ್ಟರಿಯ ಚರಿತ್ರೆ ಬರೆದು ಸಣ್ಣ ಪುಸ್ತಕ ಮಾಡಬೇಕು ಅಂತಿದ್ದೇನೆ. ಅಟ್ಟದ ಪೆಟ್ಟಿಗೆಯಲ್ಲಿ ಸಂಬಳ ಚೀಟಿ, ಎರಡು ಒಪ್ಪಂದದ ಪ್ರತಿ ಸಿಕ್ಕಿವೆ. ಫೋಟೊ ಕಳಿಸಿದ್ದೇನೆ. ಅಲ್ಲೇ ಒಂದು ಸ್ಪ್ರಿಂಗ್ ಇರುವ ಕಬ್ಬಿಣದ ಪೆಟ್ಟಿಗೆ, ಬೂದು ಬಣ್ಣದ ಹಲಗೆಯಂಥ ತುಂಡುಗಳೂ ಇವೆ. ಅವನ್ನು ಕಾರ್ಯಕ್ರಮದಲ್ಲಿ ಇಡಬಹುದಾ? ಫ್ಯಾಕ್ಟರಿ ಮುಚ್ಚಿದ್ದು ನಿಜವಾಗಿ ಯಾರಿಂದ? ಯಾವ ದಾಖಲೆ ಹುಡುಕಬೇಕು? ಅಪ್ಪನ ಗೆಳೆಯರೊಬ್ಬರು 2009ರಲ್ಲಿ ತೀರಿಕೊಂಡರು, ಅವರ ಹೆಂಡತಿಗೆ ಪಿಂಚಣಿ ಬರುತ್ತಿಲ್ಲ. ಅದಕ್ಕೇನಾದರೂ ದಾರಿ ಇದೆಯಾ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ಕಾಡುತ್ತಿರುವುದು ಒಂದೇ ಅನಿಸಿತು: ಅಪ್ಪ ಸೇರಿ 400 ಮನೆಯ ಅನ್ನ ಕಳೆದರಾ? ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಕಳಿಸಿದ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ ನೋಡಿದೆ. ಸ್ಟ್ರೈಕ್ ಆಗುವ ಎರಡು ವರ್ಷ ಮೊದಲೇ ಆ ಫ್ಯಾಕ್ಟರಿಯಲ್ಲಿ ಮಾಡಲು ಸಾಕಷ್ಟು ಕೆಲಸ ಇರಲಿಲ್ಲ.

ನಾನು 36 ವರ್ಷ ಇದೇ ಕಸುಬಿನಲ್ಲಿದ್ದವನು. ಮೊದಲು ಅಸೆಂಬ್ಲಿ, ಆಮೇಲೆ ಟೆಸ್ಟಿಂಗ್. ಹನ್ನೊಂದು ವರ್ಷ ಯೂನಿಯನ್ ಚಂದಾ ಕೊಟ್ಟಿದ್ದೇನೆ, ಪ್ರಮೋಷನ್ ಆದಮೇಲೆ ಮೇಜಿನ ಆಚೆ ಕಡೆ ಕೂತು ಅದೇ ಯೂನಿಯನ್ ಜೊತೆ ಮಾತಾಡಿದ್ದೇನೆ. ಎರಡೂ ಕಡೆಯ ಸುಳ್ಳು ಗೊತ್ತು.

ಚೀಟಿಗೇ ಬರೋಣ. 1986ರ ನವೆಂಬರ್: ಹಾಜರಿ 24, ಓಟಿ (ಪಾಳಿ ಮುಗಿದ ಮೇಲಿನ ಹೆಚ್ಚುವರಿ ಕೆಲಸ) 14 ಗಂಟೆ, ಹೆಚ್ಚು ಮಾಲು ಮಾಡಿದ್ದಕ್ಕೆ ಕೊಡುವ ಇನ್ಸೆಂಟಿವ್ ಬೇರೆ. ಕೆಲಸ ತುಂಬಿ ತುಳುಕುತ್ತಿತ್ತು ಅಂತ ಅರ್ಥ. ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕು, ಅವಸರದ ಆರ್ಡರ್ ಇಲ್ಲದೆ ಯಾವ ಮ್ಯಾನೇಜರೂ ಕೊಡುವುದಿಲ್ಲ. 1989ರ ಆಗಸ್ಟ್: ಓಟಿ ಕಾಲಮ್ಮಿನಲ್ಲಿ ಬರೀ ಒಂದು ಗೆರೆ. ಅಲ್ಲಿಂದಾಚೆ ನೀವು ಕಳಿಸಿದ ಒಂದು ಚೀಟಿಯಲ್ಲೂ ಓಟಿ ಇಲ್ಲ. 1992ರ ಮಾರ್ಚ್ ನೋಡಿ: ಹಾಜರಿ 17, ರಜೆ 1, ಆಮೇಲೆ ಕೈಯಲ್ಲಿ ಬರೆದ 'ಲೇ-ಆಫ್ 8'. ಆ ಎಂಟು ದಿನಕ್ಕೆ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಅರ್ಧಕ್ಕೆ ಹಾಕಿದ್ದಾರೆ. ಇದು ಯಾರೋ ಮನಸ್ಸಿಗೆ ಬಂದಂತೆ ಹಾಕಿದ್ದಲ್ಲ. ಆಗಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕೆಲಸವಿಲ್ಲ ಅಂತ ಕಾರ್ಮಿಕರನ್ನು ಕೂರಿಸಿದರೆ ಬೇಸಿಕ್ ಮತ್ತು ಡಿಎಯ ಅರ್ಧ ಕೊಡಬೇಕಿತ್ತು. ಅಂದರೆ ಆ ತಿಂಗಳು ಕಂಪನಿಯೇ ಬರೆದುಕೊಟ್ಟಿದೆ: "ನಮ್ಮಲ್ಲಿ ಎಂಟು ದಿನ ಕೆಲಸ ಇಲ್ಲ." ಇನ್ನು 1993ರ ಅಕ್ಟೋಬರ್ ಚೀಟಿ. ಸಂಬಳದ ಜಾಗದಲ್ಲಿ 'ಮುಂಗಡ' ಅಂತ ಸೀಲ್. ಬಾಕಿ ಬಂದಿರುವುದು ಡಿಸೆಂಬರಿನಲ್ಲಿ.

ಸ್ಟ್ರೈಕ್ ಆದದ್ದು 1994ರಲ್ಲಿ. ಅದರ ಕೊನೆಗೆ ಆದ ಒಪ್ಪಂದದ ಮೊದಲ ಕಲಮು ಏನು? "ಬಾಕಿ ವೇತನವನ್ನು ಮೂರು ಕಂತಿನಲ್ಲಿ ಪಾವತಿಸತಕ್ಕದ್ದು." ಸಂಬಳ ಹೆಚ್ಚಿಸಿ ಅಂತ ಕೂತವರಲ್ಲ ಅವರು. ದುಡಿದಿದ್ದನ್ನು ಕೊಡಿ ಅಂತ ಕೂತವರು.

ಹಾಗಾದರೆ ಊರೆಲ್ಲ ಯಾಕೆ ಸ್ಟ್ರೈಕನ್ನೇ ಹೇಳುತ್ತದೆ? ಸ್ಟ್ರೈಕ್‌ಗೆ ಒಂದು ತಾರೀಕಿದೆ, ಶಾಮಿಯಾನ ಇದೆ, ಘೋಷಣೆ ಇದೆ, ಪೊಲೀಸ್ ವ್ಯಾನ್ ಇದೆ. ಓಟಿ ನಿಂತ ದಿನ ಯಾರಿಗೂ ನೆನಪಿಲ್ಲ. ಆರ್ಡರ್ ಬುಕ್ಕು ತೆಳ್ಳಗಾಗಿದ್ದು ರಸ್ತೆಯಲ್ಲಿ ಹೋಗುವವರಿಗೆ ಕಾಣಲ್ಲ. ಆ ಕಾಲದಲ್ಲಿ ಸ್ಟ್ರೈಕ್ ಅಂದರೆ ಜನರ ಮನಸ್ಸಿನಲ್ಲಿ ಒಂದು ಚಿತ್ರವೂ ಕೂತಿತ್ತು. 1980ರ ಡಿಸೆಂಬರಿನಿಂದ 1981ರ ಮಾರ್ಚ್ ತನಕ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಲ್ಲಿ 77 ದಿನ ನಡೆದ ಮುಷ್ಕರ, ಅದರ ಹಿಂದೆಯೇ 1982ರ ಮುಂಬೈ ಗಿರಣಿ ಮುಷ್ಕರ. ಅಲ್ಲಿಂದಾಚೆ ಎಲ್ಲಿ ಗೇಟು ಮುಚ್ಚಿದರೂ "ಯೂನಿಯನ್ನು" ಅನ್ನುವುದು ರೂಢಿಯಾಯಿತು.

ಈಗ ಅಸಲಿ ಕಾರಣ. ಅದು ನಿಮ್ಮಪ್ಪ ಜೋಡಿಸುತ್ತಿದ್ದ ಬ್ರೇಕರಿನ ಹೊಟ್ಟೆಯೊಳಗೇ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ. ಪುಸ್ತಕ ಬರೆಯುವವರಿಗೆ ಇದು ಬೇಕೇ ಬೇಕು.

ಸ್ವಿಚ್ ತೆಗೆದ ಕೂಡಲೇ ಕರೆಂಟ್ ನಿಲ್ಲುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಮನೆಯ ದೀಪಕ್ಕೆ ಹೆಚ್ಚು ಕಮ್ಮಿ ಹಾಗೇ. ರಾತ್ರಿ ತೋಟದಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಆಫ್ ಮಾಡಿದಾಗ ಪೆಟ್ಟಿಗೆಯೊಳಗೆ ಫಳಕ್ ಅಂತ ನೀಲಿ ಬೆಳಕು ನೋಡಿದ್ದೀರಲ್ಲ, ಅದು ಆರ್ಕ್. ಕಾಂಟ್ಯಾಕ್ಟ್, ಅಂದರೆ ಒಂದಕ್ಕೊಂದು ತಾಗುವ ಲೋಹದ ತುದಿಗಳು, ಬೇರೆಯಾದರೂ ಕರೆಂಟು ಗಾಳಿಯನ್ನೇ ಸುಟ್ಟುಕೊಂಡು ದಾಟುತ್ತದೆ. 11 ಕೆವಿ ಲೈನಿನಲ್ಲಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹಾಗೆ ದಾಟಲು ನೋಡುತ್ತದೆ. ಆ ಬೆಂಕಿಯನ್ನು ಕಣ್ಣು ಮಿಟುಕಿಸುವುದರೊಳಗೆ ಆರಿಸುವುದೇ ಸ್ವಿಚ್‌ಗೇರ್ ಕಸುಬು. ಇಷ್ಟೇ. ಉಳಿದದ್ದೆಲ್ಲ ಡಬ್ಬ.

ನಿಮ್ಮಪ್ಪ ಸೇರಿದಾಗ ಆರಿಸುತ್ತಿದ್ದದ್ದು ಎಣ್ಣೆಯಲ್ಲಿ. ದಪ್ಪ ಉಕ್ಕಿನ ಟ್ಯಾಂಕು, ತುಂಬ ಟ್ರಾನ್ಸ್‌ಫಾರ್ಮರ್ ಎಣ್ಣೆ, ಅದರೊಳಗೆ ಮುಳುಗಿದ ಕಾಂಟ್ಯಾಕ್ಟ್. ಆರ್ಕ್ ಎದ್ದರೆ ಎಣ್ಣೆ ಒಡೆದು ಹೈಡ್ರೋಜನ್ ಬರುತ್ತದೆ, ಆ ಗ್ಯಾಸೇ ಆರ್ಕನ್ನು ತಣ್ಣಗೆ ಮಾಡಿ ಆರಿಸುತ್ತದೆ. ಈ ಒಂದು ಬ್ರೇಕರಿಗೆ ಎಷ್ಟು ಕೈ ಬೇಕು ನೋಡಿ. ಟ್ಯಾಂಕು ಬೆಸುಗೆ ಹಾಕುವವರು, ಪ್ರೆಶರ್ ಟೆಸ್ಟ್ ಮಾಡುವವರು, ತಾಮ್ರದ ಕಾಂಟ್ಯಾಕ್ಟ್ ತಿರುಗಿಸುವ ಟರ್ನರ್, ಬೆಳ್ಳಿ ಪ್ಲೇಟಿಂಗ್, ಬೇಕಲೈಟ್ ರಾಡು, ಪಿಂಗಾಣಿ ಬುಷಿಂಗ್ ಕೂರಿಸುವವರು, ಎಣ್ಣೆ ಸೋರದ ಹಾಗೆ ಜೋಡಣೆಯ ನಡುವೆ ಇಡುವ ಗ್ಯಾಸ್ಕೆಟ್ ಕತ್ತರಿಸುವವರು, ಎಣ್ಣೆ ಫಿಲ್ಟರ್ ಮಾಡುವವರು. 400 ಜನ ಸುಮ್ನೆ ಇರಲಿಲ್ಲ.

ಕೈಗುಣ ಅಂತ ಒಂದಿತ್ತು. ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಒಂದು ಎಣ್ಣೆ ಬ್ರೇಕರನ್ನು ಶಾರ್ಟ್ ಸರ್ಕ್ಯೂಟ್ ಟೆಸ್ಟ್‌ಗೆ ಒಯ್ದಿದ್ದೆವು. 18.4 ಕಿಲೋ ಆಂಪಿಯರ್. ಸೈರನ್ ಆಯಿತು, ಗಾಜಿನ ಹಿಂದೆ ನಿಂತೆವು. ಧಡ್ ಅಂತ ಒಂದು ಸದ್ದು. ಹೋಗಿ ನೋಡಿದರೆ ಟ್ಯಾಂಕು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿದೆ, ಗ್ಯಾಸ್ಕೆಟ್ ಹರಿದು ನೆಲದ ತುಂಬ ಕಪ್ಪು ಎಣ್ಣೆ. ಲೆಕ್ಕದಲ್ಲಿ ಎಲ್ಲ ಸರಿ ಇತ್ತು. ವಾಪಸ್ ತಂದಮೇಲೆ ಒಬ್ಬ ಹಳೇ ಫಿಟರ್ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ಹೇಳಿದ: "ಸಾರ್, ಸುತ್ತ ಸುತ್ತ ಬಿಗಿದವ್ರೆ. ಎದುರುಬದುರು ಬಿಗೀಬೇಕಿತ್ತು." ಒಂದು ಕಡೆ ಗ್ಯಾಸ್ಕೆಟ್ ಮೊದಲೇ ಸಡಿಲವಾಗಿ ಕೂತಿತ್ತು. ಎಂಜಿನಿಯರ್ ನಾನು, ನನಗೆ ಹೊಳೆದಿರಲಿಲ್ಲ.

ಎಣ್ಣೆ ಆದಮೇಲೆ ಕಡಿಮೆ ಎಣ್ಣೆಯ ಬ್ರೇಕರ್ ಬಂತು. ಪ್ರತಿ ಪೋಲಿಗೆ, ಅಂದರೆ ಒಂದೊಂದು ಫೇಸಿನ ಭಾಗಕ್ಕೆ, ಕೆಲವೇ ಲೀಟರ್. ದೊಡ್ಡ ಟ್ಯಾಂಕಿನ ಕೆಲಸ ಅಲ್ಲಿಗೆ ಹೋಯಿತು. ಆಮೇಲೆ ವ್ಯಾಕ್ಯೂಮ್. ಸೀಲು ಮಾಡಿದ ಒಂದು ಬಾಟಲಿ, ಒಳಗೆ ನಿರ್ವಾತ. 11 ಕೆವಿಗೆ ಕಾಂಟ್ಯಾಕ್ಟ್ ಒಂದು ಸೆಂಟಿಮೀಟರಿನಷ್ಟು ಸರಿದರೆ ಸಾಕು, ಆರ್ಕ್ ಆರಿಹೋಗುತ್ತದೆ. ಎಣ್ಣೆ ಇಲ್ಲ, ಗ್ಯಾಸ್ಕೆಟ್ ಇಲ್ಲ, ಫಿಲ್ಟರ್ ಇಲ್ಲ. ಇಂಥ ಬಾಟಲಿಯನ್ನು ಎಲ್ಲರೂ ಮಾಡಲಾಗದು, ಅದಕ್ಕೆ ಬೇರೆಯದೇ ಕಾರ್ಖಾನೆ ಬೇಕು. ನಮ್ಮ ಕಡೆ ಬೆಂಗಳೂರಿನ ಬಿಇಎಲ್ ಮಾಡುತ್ತದೆ. ಸ್ವಿಚ್‌ಗೇರ್ ಫ್ಯಾಕ್ಟರಿಗಳು ಕೊಂಡು ತಂದು ಕೂರಿಸತೊಡಗಿದವು.

ಇಲ್ಲಿಯೇ ಪೆಟ್ಟು ಬಿದ್ದದ್ದು. ಬ್ರೇಕರಿನ ಎದೆಗುಂಡಿಗೆ ಹೊರಗಿನಿಂದ ಬರತೊಡಗಿತು. ಒಳಗೆ ಉಳಿದದ್ದು ಶೀಟ್ ಮೆಟಲ್, ಸ್ಪ್ರಿಂಗ್ ಮೆಕ್ಯಾನಿಸಂ, ವೈರಿಂಗ್. ಇನ್ನೊಂದು ಪೆಟ್ಟು ಯಾರಿಗೂ ಕಾಣದ್ದು. ಎಣ್ಣೆ ಬ್ರೇಕರ್ ನಾಲ್ಕಾರು ಸಲ ದೊಡ್ಡ ಶಾರ್ಟ್ ತಡೆದರೆ ಎಣ್ಣೆ ಕಪ್ಪಾಗುತ್ತದೆ, ಕಾಂಟ್ಯಾಕ್ಟ್ ಸುಡುತ್ತದೆ, ಬದಲಾಯಿಸಬೇಕು. ಹಾಗಾಗಿ ವರ್ಷಪೂರ್ತಿ ಬಿಡಿಭಾಗದ ವ್ಯಾಪಾರ ಇರುತ್ತಿತ್ತು. ಎಷ್ಟೋ ಫ್ಯಾಕ್ಟರಿಗೆ ಸಂಬಳದ ದುಡ್ಡು ಬರುತ್ತಿದ್ದದ್ದೇ ಅದರಿಂದ. ವ್ಯಾಕ್ಯೂಮ್ ಬ್ರೇಕರ್ ಹತ್ತು ಸಾವಿರ ಸಲ ಹಾಕಿ ತೆಗೆದರೂ ಜಗ್ಗದ ಹಾಗೆ ಮಾಡಿರುತ್ತಾರೆ. ಗಿರಾಕಿಗೆ ಒಳ್ಳೆಯದು. ಬಿಡಿಭಾಗ ಮಾರುವವನಿಗೆ ಬಾಗಿಲು ಬಂದ್.

ನಿಮ್ಮಪ್ಪನ ಫ್ಯಾಕ್ಟರಿಯಲ್ಲಿ 1988ರಲ್ಲಿ ವ್ಯಾಕ್ಯೂಮ್ ಲೈನ್ ಶುರುವಾಯಿತು ಅಂತ ಮೊದಲ ಒಪ್ಪಂದದಲ್ಲೇ ಇದೆ. ಓಟಿ ಕಾಲಮ್ಮಿನಲ್ಲಿ ಗೆರೆ ಬಿದ್ದದ್ದು 1989ರಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 11 ಕೆವಿ ಬ್ರೇಕರಿಗೆ ದೊಡ್ಡ ಗಿರಾಕಿ ಅಂದರೆ ವಿದ್ಯುತ್ ಮಂಡಳಿಗಳು. ಟೆಂಡರಿನಲ್ಲಿ ಕಡಿಮೆ ರೇಟು ಹಾಕಿದವನಿಗೆ ಆರ್ಡರ್, ಬಿಲ್ಲು ಮಾತ್ರ ತಿಂಗಳುಗಟ್ಟಲೆ ಬಾಕಿ. ಅಲ್ಲಿ ತನಕ ತಾಮ್ರಕ್ಕೂ ಸಂಬಳಕ್ಕೂ ಬ್ಯಾಂಕಿನಿಂದ ಸಾಲ. 1991ರ ಜುಲೈಯಲ್ಲಿ ರೂಪಾಯಿ ಬೆಲೆ ಇಳಿಸಿದರು, ಹೊರಗಿನಿಂದ ಬರುವ ಸಾಮಾನು ತುಟ್ಟಿಯಾಯಿತು. ಅದೇ ಹೊತ್ತಿಗೆ ಬ್ಯಾಂಕ್ ಬಡ್ಡಿ ನೂರಕ್ಕೆ 18 ದಾಟಿತ್ತು. ಹಳೇ ರೇಟಿಗೆ ಒಪ್ಪಿಕೊಂಡ ಆರ್ಡರನ್ನು ಹೊಸ ರೇಟಿನ ತಾಮ್ರದಲ್ಲಿ ಮಾಡಿಕೊಡಬೇಕು. ಸಾಲದ್ದಕ್ಕೆ 1991ರಲ್ಲೇ ಬ್ರೇಕರಿಗೆ ಹೊಸ ಐಎಸ್ (ಭಾರತೀಯ ಮಾನಕ) ಸ್ಟ್ಯಾಂಡರ್ಡ್ ಬಂತು, 13118 ಅಂತ. ಹೊಸ ಸ್ಟ್ಯಾಂಡರ್ಡ್ ಅಂದರೆ ಹೊಸ ಟೈಪ್ ಟೆಸ್ಟ್, ಅಂದರೆ ಆ ಮಾದರಿಯ ಬ್ರೇಕರ್ ಸ್ಟ್ಯಾಂಡರ್ಡಿಗೆ ಸರಿಯಾಗಿದೆ ಅಂತ ತೋರಿಸುವ ಪರೀಕ್ಷೆ. ಬೆಂಗಳೂರು ಅಥವಾ ಭೋಪಾಲಿನ ಸಿಪಿಆರ್‌ಐಗೆ (ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ) ಮಾದರಿ ಒಯ್ಯಬೇಕು, ಫೀಸು ಕಟ್ಟಬೇಕು, ಫೇಲಾದರೆ ಮತ್ತೆ ಕಟ್ಟಬೇಕು. ದೊಡ್ಡ ಕಂಪನಿಗೆ ಇದು ಖರ್ಚು. ಸಂಬಳವನ್ನೇ ಮುಂಗಡ ಅಂತ ಕೊಡುವ ಕಂಪನಿಗೆ ಇದು ಗೋಡೆ.

"ಚೀನಾ ಮಾಲು ಬಂದು ಮುಳುಗಿಸ್ತು" ಅನ್ನುವವರೂ ನಿಮಗೆ ಸಿಗುತ್ತಾರೆ. ತಾರೀಕು ಹೊಂದುವುದಿಲ್ಲ. ಆಮದಿನ ಮೇಲಿದ್ದ ಪ್ರಮಾಣದ ಮಿತಿ ಪೂರ್ತಿ ತೆಗೆದದ್ದೇ 2001ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ನಿಮ್ಮ ಗೇಟಿನ ಬೀಗಕ್ಕೆ ತುಕ್ಕು ಹಿಡಿದಿತ್ತು.

ಹಾಗಂತ ಯೂನಿಯನ್ನಿಗೆ ಆರತಿ ಎತ್ತುವುದೂ ಬೇಡ. ನೀವು ಕಳಿಸಿದ ಮೊದಲ ಒಪ್ಪಂದದ ಏಳನೇ ಕಲಮು ಓದಿ. ಎಣ್ಣೆ ಸೆಕ್ಷನ್ನಿನಿಂದ ವ್ಯಾಕ್ಯೂಮ್ ಲೈನಿಗೆ ಹೋಗುವವರಿಗೆ ಹಿಂದಿನ ಮೂರು ವರ್ಷದ ಸರಾಸರಿ ಇನ್ಸೆಂಟಿವ್ ಖಾತ್ರಿ ಅಂತಿದೆ. ಕೆಲಸ ಎಷ್ಟೇ ಆಗಲಿ, ಅದು ಬರಲೇಬೇಕು. ಆ ಕಲಮಿನಿಂದ ಹೊಸ ಲೈನಿನ ಮಾಲು ದುಬಾರಿಯಾಯಿತು ಅಂತ ನಾನು ಮ್ಯಾನೇಜ್‌ಮೆಂಟ್ ಕಡೆ ಕೂತಿದ್ದರೆ ಖಂಡಿತ ಹೇಳುತ್ತಿದ್ದೆ. ಕೆಲಸಗಾರನಾಗಿದ್ದರೆ ಅದಕ್ಕೇ ಕೈ ಎತ್ತುತ್ತಿದ್ದೆ. ಬೆಸುಗೆಯವನಿಗೆ ವೈರಿಂಗ್ ಕಲಿಸಿ, ಕಲಿಯುವ ತನಕ ಸಂಬಳ ಕಮ್ಮಿ ಮಾಡಲ್ಲ ಅಂತ ಕೂತು ಮಾತಾಡಿದ್ದರೆ ಬೇರೆ ದಾರಿ ಸಿಗುತ್ತಿತ್ತೇನೋ. ಎರಡೂ ಕಡೆಯವರು ಅದನ್ನು ಮಾಡಿದ ಗುರುತು ಆ ಕಾಗದದಲ್ಲಿ ಇಲ್ಲ. ಪುಸ್ತಕದಲ್ಲಿ ಈ ಕಲಮನ್ನು ಮುಚ್ಚಿಡಬೇಡಿ. ನೀವೇ ಬರೆದರೆ ಉಳಿದದ್ದನ್ನೂ ಜನ ನಂಬುತ್ತಾರೆ.

ಇನ್ನೊಂದು. ಸ್ಟ್ರೈಕ್, ಲಾಕೌಟ್, ಲೇ-ಆಫ್, ಕ್ಲೋಷರ್ ಇವು ನಾಲ್ಕೂ ಬೇರೆ ಬೇರೆ. ಊರಿನ ಬಾಯಲ್ಲಿ ಎಲ್ಲಾ "ಬೀಗ". ಸ್ಟ್ರೈಕ್ ಕೆಲಸಗಾರರು ಮಾಡುವುದು, ಲಾಕೌಟ್ ಮಾಲೀಕರು ಮಾಡುವುದು. ಲೇ-ಆಫ್ ಅಂದರೆ ಕೆಲಸವಿಲ್ಲದೆ ಕೂರಿಸುವುದು. ಕ್ಲೋಷರ್ ಅಂದರೆ ಕಾಯಂ ಮುಚ್ಚುವುದು. ಆಗಿನ ಕಾನೂನಿನಲ್ಲಿ ನೂರು ಅಥವಾ ಹೆಚ್ಚು ಕಾರ್ಮಿಕರಿದ್ದರೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. ಅನುಮತಿ ಸಿಗುವುದು ಕಷ್ಟ. ಹಾಗಾಗಿ ಎಷ್ಟೋ ಕಾರ್ಖಾನೆಗಳು ಕಾನೂನಿನ ಪ್ರಕಾರ ಮುಚ್ಚಲೇ ಇಲ್ಲ. ಸಂಬಳ ನಿಂತಿತು, ಕರೆಂಟ್ ಬಿಲ್ ಕಟ್ಟಲಿಲ್ಲ, ಕೆಇಬಿಯವರು ಫ್ಯೂಸ್ ತೆಗೆದರು, ಜನ ಬರುವುದು ಬಿಟ್ಟರು. ಸ್ವಿಚ್‌ಗೇರ್ ಫ್ಯಾಕ್ಟರಿಗೇ ಫ್ಯೂಸ್ ತೆಗೆದದ್ದು ನಾನು ಕಣ್ಣಾರೆ ನೋಡಿದ್ದೇನೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಿಮ್ಮಲ್ಲಿ 1997ರಲ್ಲಿ ಆದದ್ದು ಇವುಗಳಲ್ಲಿ ಯಾವುದು ಅನ್ನುವುದನ್ನು ಮೊದಲು ಪತ್ತೆ ಮಾಡಿ. ಕಾರ್ಮಿಕರಿಗೆ ಪರಿಹಾರ ಬರಬೇಕಿತ್ತಾ ಅನ್ನುವುದೂ ಅದರ ಮೇಲೇ ನಿಂತಿದೆ.

ಪತ್ತೆ ಮಾಡುವುದು ಹೇಗೆ? ಒಪ್ಪಂದದ ಪ್ರತಿಯ ಮೇಲ್ಭಾಗದಲ್ಲಿ '12(3)' ಅಂತಿದೆ. ಅಂದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ. ಅದರ ಕಡತ ಇಲಾಖೆಯಲ್ಲಿ ಇರಬೇಕು. ವಿವಾದ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿ ತೀರ್ಪಾಗಿದ್ದರೆ ಗೆಜೆಟ್‌ನಲ್ಲಿ ಪ್ರಕಟವಾಗಿರುತ್ತದೆ. ಆ ಪುಟ ಯಾರೂ ಅಲ್ಲಗಳೆಯಲಾಗದ ಸಾಕ್ಷಿ. ಖಾಸಗಿ ಕಂಪನಿಗೆ ಆರ್‌ಟಿಐ ಹಾಕಲು ಬರುವುದಿಲ್ಲ, ಆದರೆ ಇಲಾಖೆಗೆ ಹಾಕಬಹುದು. ಹತ್ತು ರೂಪಾಯಿ ಫೀಸು, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತ ನಿಯಮ ಇದೆ. ಚರಿತ್ರೆಯೆಲ್ಲ ಬರೆದು ಕಳಿಸಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. "ಇಂಥ ಕಂಪನಿ, ಇಂಥ ವರ್ಷದ 12(3) ಒಪ್ಪಂದದ ಪ್ರತಿ" ಅಂತ ಸಣ್ಣದಾಗಿ ಕೇಳಿ. ಹಳೇ ಕಡತ ನಾಶವಾಗಿದೆ ಅಂತ ಉತ್ತರ ಬರುವ ಸಾಧ್ಯತೆಯೂ ಇದೆ. ಆಗ ನಾಶ ಮಾಡಿದ ಆದೇಶದ ಪ್ರತಿ ಕೇಳಿ. ಕೆಲವು ಸಲ ಆ ಅರ್ಜಿ ಹೋದಮೇಲೆ ಕಡತವೇ ಸಿಗುತ್ತದೆ!

ಕಂಪನಿಯ ವಾರ್ಷಿಕ ವರದಿಗಳು ಕಂಪನಿ ರಿಜಿಸ್ಟ್ರಾರ್ ಹತ್ತಿರ ಸಲ್ಲಿಕೆಯಾಗಿರುತ್ತವೆ. 2006ಕ್ಕಿಂತ ಹಿಂದಿನವು ಹೆಚ್ಚಾಗಿ ಕಾಗದದಲ್ಲಿ, ಹೋಗಿ ಕೇಳಬೇಕು. ಅದರಲ್ಲಿ ನಿರ್ದೇಶಕರ ವರದಿ ಅಂತ ಎರಡು ಮೂರು ಪುಟ ಇರುತ್ತದೆ. 1990, 91, 92ರದ್ದು ಸಿಕ್ಕರೆ ಮೊದಲು ಅದನ್ನೇ ಓದಿ. ಷೇರುದಾರರಿಗೆ ನಷ್ಟದ ಕಾರಣ ಹೇಳುವಾಗ ಅವರು "ಆರ್ಡರ್ ಕೊರತೆ, ಮಂಡಳಿಗಳಿಂದ ಬಾಕಿ" ಅಂತ ಬರೆದಿದ್ದರೆ ನಿಮ್ಮ ಪುಸ್ತಕದ ಅರ್ಧ ಕೆಲಸ ಮುಗಿಯಿತು. 1994ರ ವರದಿಯಲ್ಲಿ ಸ್ಟ್ರೈಕ್ ಎಂದೇ ಬರೆದಿರುತ್ತಾರೆ, ಅದನ್ನೂ ಹಾಕಿ.

ನೆನಪುಗಳನ್ನು ಕೇಳಿ ಬರೆಯುವುದರಲ್ಲಿ ಅಪಾಯ ಜಾಸ್ತಿ. ಮೂವತ್ತು ವರ್ಷದ ಹಿಂದಿನ ಜಗಳ ಈಗಲೂ ಬಿಸಿಯಾಗಿರುತ್ತದೆ. "ಇಂಥ ಮ್ಯಾನೇಜರ್ ತಾಮ್ರ ಕದ್ದ" ಅಂತ ಯಾರಾದರೂ ಹೇಳಿದರೆ ಹೆಸರು ಹಾಕಿ ಅಚ್ಚು ಮಾಡಬೇಡಿ, ಕೋರ್ಟಿಗೆ ಎಳೆದಾರು. ಒಂದೇ ಬಣದವರನ್ನು ಕೇಳಿ ನಿಲ್ಲಿಸಬೇಡಿ. ಆಗಿನ ಸೂಪರ್‌ವೈಸರ್ ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ನಿಮ್ಮ ಚಿಕ್ಕಮ್ಮನನ್ನು ಮರೆಯಲೇಬೇಡಿ. ನಾನು ನೋಡಿದ ಸ್ಮರಣ ಸಂಚಿಕೆಗಳಲ್ಲೆಲ್ಲ ಗಂಡಸರ ಗ್ರೂಪ್ ಫೋಟೊ, ಆಯುಧಪೂಜೆ, ವಾಲಿಬಾಲ್ ಟೀಮು. ಬ್ರೇಕರ್ ಬೀಳಿಸುವ ಟ್ರಿಪ್ ಕಾಯಿಲ್ ಸುತ್ತಿದ ಹೆಣ್ಣುಮಕ್ಕಳು ಒಬ್ಬರೂ ಇರುವುದಿಲ್ಲ. ಕೂದಲಿನಷ್ಟು ತೆಳ್ಳಗಿನ ತಂತಿ, ಒಂದು ಸುತ್ತು ತಪ್ಪಿದರೆ ಎಣಿಕೆ ಮೊದಲಿನಿಂದ. ಆ ಕಾಯಿಲ್ ಕೈಕೊಟ್ಟರೆ ಇಷ್ಟು ದೊಡ್ಡ ಬ್ರೇಕರ್ ಗೊಂಬೆಯ ಹಾಗೆ ನಿಂತಿರುತ್ತದೆ.

ಎಲ್ಲಿಂದ ಶುರು ಮಾಡಲಿ ಅಂತಲೂ ಯೋಚನೆ ಇರಬಹುದು. 1902ರಿಂದ ಮಾಡಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕರೆಂಟ್ ಕೊಟ್ಟ ವರ್ಷ ಅದು. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಅಷ್ಟು ದೂರದ ಲೈನಿಗೆ ಬೇಕಾದ ಯಂತ್ರ ಹಡಗಿನಲ್ಲಿ ಬಂತು. ಮೈಸೂರು ಸಂಸ್ಥಾನದಲ್ಲೇ ವಿದ್ಯುತ್ ಸಾಮಾನು ಮಾಡಬೇಕು ಅಂತ 1945ರಲ್ಲಿ ಮೈಸೂರ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಹುಟ್ಟಿತು. ಆಮೇಲೆ ಜರ್ಮನಿಯ ಎಇಜಿ ಸಹಯೋಗದ ಎನ್‌ಜಿಇಎಫ್. ನಿಮ್ಮಪ್ಪನ ಫ್ಯಾಕ್ಟರಿ ಆ ಸಾಲಿನಲ್ಲಿ ಬಂದದ್ದು. ಎನ್‌ಜಿಇಎಫ್ ಕೂಡ ಮುಚ್ಚಿತು. ನಿಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯೂ 2016ರಲ್ಲಿ ಮುಚ್ಚಿ ಜಾಗ ಇಸ್ರೋಗೆ ಹೋಯಿತು. ಅಪ್ಪನ ಗೇಟೊಂದೇ ಅಲ್ಲ ಅನ್ನುವುದು ಓದುವವರಿಗೆ ಗೊತ್ತಾಗಬೇಕು.

ಈಗ ಅಟ್ಟದ ಸಾಮಾನು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಫೋಟೊದಲ್ಲಿರುವ ಕಬ್ಬಿಣದ ಪೆಟ್ಟಿಗೆ ಬ್ರೇಕರಿನ ಸ್ಪ್ರಿಂಗ್ ಮೆಕ್ಯಾನಿಸಂ. ಅದರ ಮುಂದೆ ಸಣ್ಣ ಕಿಟಕಿಯಲ್ಲಿ ಸ್ಪ್ರಿಂಗ್ ಚಾರ್ಜ್ ಆಗಿದೆಯೋ ಇಲ್ಲವೋ ತೋರಿಸುವ ಪಟ್ಟಿ ಇರುತ್ತದೆ. ನಿಮ್ಮ ಫೋಟೊದಲ್ಲಿ ಧೂಳು ಮುಚ್ಚಿ ಅದು ಕಾಣುತ್ತಿಲ್ಲ. ಚಾರ್ಜ್ ಆಗಿದ್ದರೆ ಮೂವತ್ತು ವರ್ಷ ಆದರೂ ಆ ಶಕ್ತಿ ಅದರೊಳಗೇ ಕೂತಿರುತ್ತದೆ. ಕರೆಂಟ್ ಬೇಕಿಲ್ಲ. ಒಂದು ಲ್ಯಾಚ್ ಜಾರಿದರೆ ಸಾಕು, ಒಳಗೆ ಬೆರಳಿದ್ದರೆ ಹೋಯಿತು. ಒರೆಸುವುದಕ್ಕೂ ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಗೊತ್ತಿರುವ ಬ್ರೇಕರ್ ಮೆಕ್ಯಾನಿಕ್ ಒಬ್ಬರನ್ನು ಕರೆಸಿ. ಅವರು ದೂರ ನಿಂತು ಓಪನ್, ಕ್ಲೋಸ್, ಓಪನ್ ಮಾಡಿ ಎರಡೂ ಸ್ಪ್ರಿಂಗ್ ಖಾಲಿ ಮಾಡುತ್ತಾರೆ. ಆಮೇಲೆ ಲಿಂಕು ಕಟ್ಟಿಹಾಕಿಸಿ ಪ್ರದರ್ಶನಕ್ಕೆ ಇಡಬಹುದು.

ಬೂದು ಹಲಗೆಗಳು ಆರ್ಕ್ ಚ್ಯೂಟಿನ, ಅಂದರೆ ಕೆಲವು ಬ್ರೇಕರಿನಲ್ಲಿ ಆರ್ಕನ್ನು ಹಿಡಿದು ಆರಿಸುವ ಗೂಡಿನ, ತುಂಡುಗಳ ಹಾಗೆ ಕಾಣುತ್ತವೆ. ಆ ಕಾಲದಲ್ಲಿ ಅದನ್ನು ಹೆಚ್ಚಾಗಿ ಆಸ್ಬೆಸ್ಟಾಸ್ ಸಿಮೆಂಟಿನಲ್ಲಿ ಮಾಡುತ್ತಿದ್ದರು. ಸುಮ್ಮನೆ ಬಿದ್ದಿದ್ದರೆ ಏನೂ ಮಾಡುವುದಿಲ್ಲ. ಉಜ್ಜಿದರೆ, ಕೊರೆದರೆ, ಒಡೆದರೆ ಏಳುವ ಧೂಳು ಕೆಟ್ಟದ್ದು. ಶ್ವಾಸಕೋಶದಲ್ಲಿ ಅದರ ಕೆಡುಕು ಕಾಣಿಸಲು 20ರಿಂದ 40 ವರ್ಷ ಹಿಡಿಯುತ್ತದೆ. ಇವನ್ನು ಪ್ರದರ್ಶನಕ್ಕೆ ಇಡುವುದು ಬೇಡವೇ ಬೇಡ. ನೀರು ಚಿಮುಕಿಸಿ ನೆನೆಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿ ಎತ್ತಿಡಿ. ಗುಜರಿಗೆ ಹಾಕಬೇಡಿ, ಅಲ್ಲಿ ಹುಡುಗರು ಸುತ್ತಿಗೆಯಲ್ಲಿ ಒಡೆಯುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಅಪಾಯಕಾರಿ ತ್ಯಾಜ್ಯ ಎಲ್ಲಿಗೆ ಕೊಡಬೇಕು ಅಂತ ಕೇಳಿ. ಅಪ್ಪನಿಗೋ ಅವರ ಗೆಳೆಯರಿಗೋ ಬಹಳ ದಿನದ ಒಣಕೆಮ್ಮು, ಏದುಸಿರು ಇದ್ದರೆ ಡಾಕ್ಟರ ಹತ್ತಿರ "ಸಿಗರೇಟ್ ಸೇದುತ್ತಿದ್ದರು" ಅನ್ನುವುದರ ಜೊತೆಗೆ "ಆರ್ಕ್ ಚ್ಯೂಟ್ ಕತ್ತರಿಸುತ್ತಿದ್ದರು" ಅಂತಲೂ ಹೇಳಿ. ಡಾಕ್ಟರು ತಾವಾಗಿ ಕೇಳುವುದು ಕಮ್ಮಿ.

ಪಿಂಚಣಿ ವಿಷಯ. ಆ ಗೆಳೆಯರು 1995ರ ನವೆಂಬರ್ 16ರ ನಂತರವೂ ಪಿಎಫ್ ಸದಸ್ಯರಾಗಿದ್ದರೆ ಇಪಿಎಸ್ (ನೌಕರರ ಪಿಂಚಣಿ) ಯೋಜನೆಯೊಳಗೆ ಬರುತ್ತಾರೆ. ಹಿಂದಿನ ಕುಟುಂಬ ಪಿಂಚಣಿ ಯೋಜನೆಯಲ್ಲಿದ್ದ ವರ್ಷಗಳೂ ಸೇರಿ ಹತ್ತು ವರ್ಷ ದಾಟಿದ್ದರೆ ಪಿಂಚಣಿಯ ದುಡ್ಡನ್ನು ಒಟ್ಟಿಗೆ ಕೊಡುವುದಿಲ್ಲ, ಸ್ಕೀಮ್ ಸರ್ಟಿಫಿಕೇಟ್ ಕೊಡುತ್ತಾರೆ. ಬಹಳ ಜನ ಪಿಎಫ್ ಬಿಡಿಸಿಕೊಂಡಾಗ ಎಲ್ಲ ಮುಗಿಯಿತು ಅಂದುಕೊಂಡರು. ಆ ಸರ್ಟಿಫಿಕೇಟ್ ಟ್ರಂಕಿನ ತಳದಲ್ಲೇ ಉಳಿದಿರುತ್ತದೆ, ಇಲ್ಲವೇ ತೆಗೆದುಕೊಂಡೇ ಇರುವುದಿಲ್ಲ. ಅವರ ಹೆಂಡತಿ ಪಿಎಫ್ ನಂಬರ್, ಮರಣ ಪತ್ರ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಪಿಎಫ್ ಕಚೇರಿಗೆ ಹೋಗಿ ಫಾರಂ 10-ಡಿ ಕೊಡಬೇಕು. ನಂಬರ್ ಕಳೆದಿದ್ದರೆ ಅಪ್ಪನ ಚೀಟಿ ನೋಡಿ. ಕಂಪನಿಯ ಕೋಡ್ ಇಬ್ಬರಿಗೂ ಒಂದೇ, ಕೊನೆಯಲ್ಲಿ ಬರುವ ಖಾತೆ ನಂಬರ್ ಮಾತ್ರ ಬೇರೆ. ಕನಿಷ್ಠ ಪಿಂಚಣಿ ತಿಂಗಳಿಗೆ ಸಾವಿರ ರೂಪಾಯಿ. ದೊಡ್ಡದಲ್ಲ, ಆದರೆ ಅದು ಅವರದ್ದು. ಮಾಲೀಕರ ಸಹಿ ಬೇಕು ಅಂತ ಕೌಂಟರಿನಲ್ಲಿ ಹೇಳಬಹುದು. ಕಂಪನಿ ಮುಚ್ಚಿದೆ ಅಂತ ಬರೆದುಕೊಟ್ಟು, ಯಾವ ಅಧಿಕಾರಿಯ ದೃಢೀಕರಣ ನಡೆಯುತ್ತದೆ ಅಂತ ಬರಹದಲ್ಲೇ ಕೇಳಿ. ಒಂದು ಸಲ ಹೋಗಿ ಬಿಡಬಾರದು.

ಕೊನೆಗೆ ಅಪ್ಪನ ವಿಷಯ. ಸ್ಟ್ರೈಕ್ ಬಗ್ಗೆ ಮೊದಲು ಕೇಳಬೇಡಿ. ಮೂವತ್ತು ವರ್ಷ ಅದನ್ನೇ ಕೇಳಿಸಿಕೊಂಡವರು. ಕೆಲಸದ ಬಗ್ಗೆ ಕೇಳಿ. ಬ್ರೇಕರ್ ಜೋಡಿಸಿದ ಮೇಲೆ ಮೂರು ಬಲ್ಬ್, ಒಂದು ಬ್ಯಾಟರಿ ಇಟ್ಟುಕೊಂಡು ಒಂದು ಪರೀಕ್ಷೆ ಮಾಡುತ್ತಿದ್ದರು. ಕೈಯಲ್ಲಿ ಲಿವರ್ ತಿರುಗಿಸುತ್ತ ನಿಧಾನಕ್ಕೆ ಬ್ರೇಕರ್ ಮುಚ್ಚುವುದು. ಮೂರು ಫೇಸಿನ ಕಾಂಟ್ಯಾಕ್ಟ್ ಒಟ್ಟಿಗೆ ಮುಟ್ಟಿದರೆ ಮೂರು ಬಲ್ಬೂ ಒಟ್ಟಿಗೆ ಹತ್ತುತ್ತವೆ. ಒಂದು ಹಿಂದೆ ಬಿದ್ದರೆ ಆ ಪೋಲಿನ ನಟ್ಟನ್ನು ಅರ್ಧ ಸುತ್ತು, ಕಾಲು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಕೆಲವರಿಗೆ ಅರ್ಧ ದಿನ ಹಿಡಿಯುತ್ತಿತ್ತು. ಒಳ್ಳೇ ಕೈ ಇದ್ದವರು ಎರಡನೇ ಸಲಕ್ಕೇ ಮೂರನ್ನೂ ಹತ್ತಿಸುತ್ತಿದ್ದರು. ನಿಮಗೆ ಎಷ್ಟು ಸಲಕ್ಕೆ ಹತ್ತುತ್ತಿತ್ತು ಅಂತ ಅಪ್ಪನನ್ನು ಕೇಳಿ. ಪಕ್ಕದಲ್ಲಿ ಪೆನ್ನು, ಪೇಪರ್ ಇಟ್ಟುಕೊಂಡಿರಿ.